ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ?

ಶ್ರಾವಣ ಬಂತೆಂದರೆ ಸಾಕು, ನಮ್ಮ ಬಡಾವಣೆಗಳ ಬ್ಯೂಟಿ ಪಾರ್ಲರ್‌ಗಳಿಗೂ ಹಬ್ಬ. ವರಮಹಾಲಕ್ಷ್ಮಿ, ಗೌರಿ, ಅದರ ಬೆನ್ನಿಗೇ ದಸರಾ. ಅರಿಶಿನ ಕುಂಕುಮಕ್ಕೆ ಕೈ ಚಾಚಿದಾಗ ಎದುರಿನವರ ಕಣ್ಣು ಮೊದಲು ಹೋಗುವುದು ಬಳೆಗೆ, ಆಮೇಲೆ ಉಗುರಿಗೆ! ಮೇಟಗಳ್ಳಿಯಂಥ ಕಡೆ ಹಿಂದೆ ಪಾರ್ಲರ್ ಅಂದರೆ ಹುಬ್ಬು ತಿದ್ದಿಸೋದು, ಹೆಚ್ಚೆಂದರೆ ಒಂದು ಫೇಶಿಯಲ್. ಈಗ ದರಪಟ್ಟಿ ನೋಡಿದರೆ ತಲೆ ತಿರುಗುತ್ತೆ. ಬೇಸಿಕ್ ಮೆನಿಕ್ಯೂರ್, ಸ್ಪಾ ಮೆನಿಕ್ಯೂರ್, ಜೆಲ್ ಪಾಲಿಶ್, ಅಕ್ರಿಲಿಕ್ ಉಗುರು... "ಯಾವುದು ಮಾಡ್ಲಿ ಮೇಡಂ?" ಅಂತ ಪಾರ್ಲರಿನ ಹುಡುಗಿ ಕೇಳಿದಾಗ ನಾವು ನೋಡುವುದು ಬಣ್ಣದ ಕಾರ್ಡನ್ನು. ನಿಜವಾಗಿ ನೋಡಬೇಕಾದ್ದು ನಮ್ಮ ಕೈಯನ್ನು.

ದುಡ್ಡಿನ ಮಾತೂ ಇದೆ. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯ ನೋಟು ಮುದ್ರಣಾಲಯ ಇರುವುದು ಇದೇ ಮೇಟಗಳ್ಳಿಯಲ್ಲಿ. ನೋಟು ಇಲ್ಲೇ ಅಚ್ಚಾದರೇನು, ತಿಂಗಳ ಕೊನೆಗೆ ನಮ್ಮ ಪರ್ಸಿನಲ್ಲಿ ಎಷ್ಟು ಉಳಿದಿರುತ್ತೆ ಅನ್ನೋದು ನಮಗೇ ಗೊತ್ತು! ಹಾಗಂತ ನಮಗಾಗಿ ಒಂದಿಷ್ಟು ಖರ್ಚು ಮಾಡಿಕೊಳ್ಳುವುದು ತಪ್ಪೇನಲ್ಲ. ದಿನವಿಡೀ ಮನೆಯವರಿಗಾಗಿ ದುಡಿಯುವ ಕೈಗೆ ತಿಂಗಳಿಗೊಮ್ಮೆ ಆರೈಕೆ ಬೇಡ ಅನ್ನೋರು ಯಾರು? ಆದರೆ ಕೊಟ್ಟ ದುಡ್ಡಿಗೆ ಉಗುರು ಚೆನ್ನಾಗಬೇಕೇ ಹೊರತು ಹಾಳಾಗಬಾರದು, ಅಲ್ವೇ?

ಮತದಾನದ ಶಾಯಿ ಹೇಳುವ ಪಾಠ

ಉಗುರಿನ ಸ್ವಭಾವ ತಿಳಿಯಲು ಪುಸ್ತಕ ಓದಬೇಕಿಲ್ಲ, ಮತ ಹಾಕಿ ಬಂದ ಬೆರಳು ನೋಡಿದರೆ ಸಾಕು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ, ಹತ್ತಿರದ ಬನ್ನಿಮಂಟಪದಲ್ಲಿರುವ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಿಂದಲೇ 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಅಳಿಸಲಾಗದ ಶಾಯಿ ಹೋಗುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಮೇಲೆ, ಉಗುರಿನ ಮೇಲೆ ಕಪ್ಪಾಗಿ ಕೂತುಬಿಡುತ್ತದೆ. ಚರ್ಮದ ಮೇಲಿನ ಗುರುತು ಕೆಲವೇ ವಾರಗಳಲ್ಲಿ ಮಾಯ. ಉಗುರಿನ ಗುರುತು ಮಾತ್ರ ರಿಮೂವರ್ ಹಾಕಿದರೂ ಹೋಗೋದಿಲ್ಲ, ನಿಂಬೆಹಣ್ಣು ಉಜ್ಜಿದರೂ ಹೋಗೋದಿಲ್ಲ. ಉಗುರು ಬೆಳೆದಂತೆ ಅದು ಮೆಲ್ಲಗೆ ತುದಿಗೆ ಸರಿದು, ಕತ್ತರಿಸಿದಾಗಲೇ ಹೋಗಬೇಕು.

ಯಾಕೆ ಗೊತ್ತಾ? ಚರ್ಮಕ್ಕೆ ಗಾಯವಾದರೆ ಮಾಯುತ್ತದೆ. ಕಣ್ಣಿಗೆ ಕಾಣುವ ಉಗುರಿನಲ್ಲಿ ರಕ್ತವೂ ಇಲ್ಲ, ಜೀವವೂ ಇಲ್ಲ. ಅದು ವಾಸಿಯಾಗೋದಿಲ್ಲ, ಬೆಳೆದು ಹೋಗುತ್ತೆ ಅಷ್ಟೆ. ಕೈ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿಲಿಮೀಟರ್. ಬುಡದಿಂದ ತುದಿಯವರೆಗೆ ಪೂರ್ತಿ ಹೊಸದಾಗಲು ಹೆಚ್ಚುಕಡಿಮೆ ಆರು ತಿಂಗಳು ಬೇಕು. ಪಾರ್ಲರಿನಲ್ಲಿ ಹತ್ತು ನಿಮಿಷ ಜೋರಾಗಿ ಉಜ್ಜಿ ತೆಳ್ಳಗೆ ಮಾಡಿದ್ದನ್ನು ಅರ್ಧ ವರ್ಷ ಅನುಭವಿಸಬೇಕು. ಈ ಲೆಕ್ಕ ಮನಸ್ಸಿನಲ್ಲಿದ್ದರೆ ಆಯ್ಕೆ ಸುಲಭ.

ಮಾಮೂಲಿ ನೇಲ್ ಪಾಲಿಶ್

ಗಾಳಿಗೆ ಒಣಗುವ, ರಿಮೂವರ್‌ಗೆ ಕರಗುವ ಹಳೆಯ ಗೆಳತಿ ಇದು. ಐದಾರು ದಿನ ಬಂದರೆ ಹೆಚ್ಚು. ಪಾತ್ರೆ ತೊಳೆಯುವ ಕೈಯಾದರೆ ಮೂರನೇ ದಿನಕ್ಕೇ ತುದಿ ಏಳುತ್ತೆ. ಆದರೂ ಉಗುರಿಗೆ ಕಡಿಮೆ ಕಾಟ ಕೊಡುವುದು ಇದೇ. ಬಣ್ಣಕ್ಕೆ ಮೊದಲು ಒಂದು ಪದರ ಬೇಸ್ ಕೋಟ್ ಹಚ್ಚಿದರೆ ಗಾಢ ಕೆಂಪು ಬಣ್ಣದಿಂದ ಉಗುರು ಹಳದಿಯಾಗುವುದು ಕಡಿಮೆ. ದಪ್ಪಗೆ ಒಂದೇ ಸಲ ಬಳಿಯುವುದಕ್ಕಿಂತ ತೆಳುವಾಗಿ ಎರಡು ಸಲ ಹಚ್ಚಿ. ಬಾಟಲಿಯ ಮೇಲೆ ಫಾರ್ಮಾಲ್ಡಿಹೈಡ್, ಟಾಲ್ಯೂಯಿನ್, ಡೈಬ್ಯುಟೈಲ್ ಥ್ಯಾಲೇಟ್ – ಈ ಮೂರೂ ಇಲ್ಲವೆಂದು ಬರೆದಿದ್ದರೆ ಒಳ್ಳೆಯದು. ಪಾಲಿಶ್ ಒಗ್ಗದಿದ್ದರೆ ತುರಿಕೆ ಬೆರಳಿನಲ್ಲೇ ಕಾಣಿಸಬೇಕೆಂದಿಲ್ಲ. ಕೈ ಮುಟ್ಟಿಸಿಕೊಳ್ಳುವ ಕಣ್ಣಿನ ರೆಪ್ಪೆ, ಕತ್ತಿನಲ್ಲೂ ಕಾಣಿಸಬಹುದು.

ಜೆಲ್ ಪಾಲಿಶ್

ಹಚ್ಚಿ ಪುಟ್ಟ ದೀಪದ ಪೆಟ್ಟಿಗೆಯೊಳಗೆ ಕೈ ಇಟ್ಟರೆ ಕ್ಷಣದಲ್ಲಿ ಗಟ್ಟಿಯಾಗುತ್ತೆ. ಎರಡು-ಮೂರು ವಾರ ಹೊಳಪು ಮಾಸೋದಿಲ್ಲ. ಮನೆಯಲ್ಲಿ ಮದುವೆ, ಊರಿಗೆ ಪ್ರಯಾಣ ಅಂದರೆ ಅನುಕೂಲವೇ. ತೊಂದರೆ ಇರುವುದು ತೆಗೆಯುವಾಗ. ಅಸಿಟೋನಿನಲ್ಲಿ ಅದ್ದಿದ ಹತ್ತಿಯನ್ನು ಉಗುರಿನ ಮೇಲಿಟ್ಟು, ಫಾಯಿಲ್ ಸುತ್ತಿ ಹತ್ತು-ಹದಿನೈದು ನಿಮಿಷ ಕಾದರೆ ತಾನಾಗಿ ಸಡಿಲವಾಗುತ್ತೆ. ಅಷ್ಟು ಪುರುಸೊತ್ತಿಲ್ಲದೆ ಯಂತ್ರದಿಂದ ಉಜ್ಜಿದರೆ, ಅಥವಾ ಮನೆಯಲ್ಲಿ ನಾವೇ ಸಿಪ್ಪೆ ಸುಲಿದ ಹಾಗೆ ಎಳೆದರೆ, ಉಗುರಿನ ಪದರವೂ ಜೊತೆಗೇ ಬರುತ್ತೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಗೊಂಡ ಗಾದೆ ಇಲ್ಲಿ ಅಕ್ಷರಶಃ ನಿಜ!

ಇನ್ನು ಆ ದೀಪ. ಅದರಿಂದ ಬರುವುದು ಅತಿನೇರಳೆ ಕಿರಣ. ಎಲ್ಇಡಿ ಎಂದು ಬರೆದಿದ್ದರೂ ಅಷ್ಟೆ. ಈ ಕಿರಣಗಳಿಂದ ಜೀವಕೋಶಗಳ ಡಿಎನ್ಎಗೆ ಹಾನಿಯಾಗುವುದನ್ನು 2023ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಕಂಡರು. ಅದು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳ ಮೇಲಿನ ಪ್ರಯೋಗ. ಜೆಲ್ ಹಾಕಿಸಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆಂದು ಅರ್ಥವಲ್ಲ, ಗಾಬರಿ ಬೇಡ. ಕೈಗೆ ಮೊದಲೇ ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ, ಇಲ್ಲವೇ ಬೆರಳ ತುದಿ ಕತ್ತರಿಸಿದ ಹಳೇ ಗ್ಲೌಸ್ ಹಾಕಿಕೊಳ್ಳಿ. ತಿಂಗಳು ತಿಂಗಳೂ ಜೆಲ್ ಬೇಡ. ಕೆಲವು ಜೆಲ್‌ಗಳಲ್ಲಿ ಬಳಸುತ್ತಿದ್ದ ಟಿಪಿಒ ಎಂಬ ರಾಸಾಯನಿಕವನ್ನು ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದೆ. ಹಾಗಾಗಿ ಬಾಟಲಿ ತೋರಿಸಿ ಅಂತ ಕೇಳಲು ಸಂಕೋಚ ಬೇಡ.

ಅಕ್ರಿಲಿಕ್ ಉಗುರು

ಪುಡಿ ಮತ್ತು ದ್ರವ ಕಲೆಸಿ ಕಟ್ಟುವ ಉದ್ದನೆಯ ಕೃತಕ ಉಗುರು. ಫೋಟೋಗೆ ಚೆಂದ, ಅಡುಗೆಮನೆಗೆ ಕಷ್ಟ. ಹುಣಸೆಹಣ್ಣು ಕಿವುಚಬೇಕು, ಚಪಾತಿ ಹಿಟ್ಟು ನಾದಬೇಕು, ಚಳಿಗಾಲ ಬಂದರೆ ಅವರೆಕಾಳು ಹಿದುಕಬೇಕು. ಇಷ್ಟೆಲ್ಲ ಮಾಡುವ ಕೈಗೆ ಇಂಥ ಉಗುರು ನಿಲ್ಲುವುದುಂಟೇ? ತುದಿಯಲ್ಲಿ ತಗುಲಿ ಎತ್ತಿಕೊಂಡರೆ ನಮ್ಮ ಉಗುರೂ ಬುಡದಿಂದ ಬಿಡುತ್ತೆ. ಆ ಸಂದಿಯಲ್ಲಿ ನೀರು ಸೇರಿ ಸೋಂಕಾಗುತ್ತೆ. ಮಗುವಿಗೆ ತುತ್ತು ತಿನ್ನಿಸುವ ತಾಯಂದಿರು ಇನ್ನೊಂದು ವಿಷಯ ಗಮನಿಸಿ: ಕೃತಕ ಉಗುರಿನಡಿ ರೋಗಾಣು ಉಳಿಯುತ್ತದೆಂದೇ ರೋಗಿಗಳನ್ನು ಮುಟ್ಟುವ ಆಸ್ಪತ್ರೆ ಸಿಬ್ಬಂದಿ ಇದನ್ನು ಹಾಕಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಜೆಲ್ ಆಗಲಿ ಅಕ್ರಿಲಿಕ್ ಆಗಲಿ, ಗಟ್ಟಿಯಾಗದ ದ್ರವ ಚರ್ಮಕ್ಕೆ ತಾಗಬಾರದು. ಒಮ್ಮೆ ಅಲರ್ಜಿ ಶುರುವಾದರೆ ಅದು ಜೀವಮಾನದ ಸಂಗಾತಿ. ಹಲ್ಲಿನ ಚಿಕಿತ್ಸೆಯಲ್ಲಿ ಬಳಸುವ ಕೆಲವು ವಸ್ತುಗಳೂ ಇದೇ ಜಾತಿಯವು, ಮುಂದೆ ಅಲ್ಲಿಯೂ ತೊಂದರೆಯಾಗಬಹುದು.

ಮದರಂಗಿ ಮರೆಯಬೇಡಿ

ಅಜ್ಜಿಯ ಕಾಲದಲ್ಲಿ ಸೊಪ್ಪು ರುಬ್ಬಿ ಬೆರಳ ತುದಿಗೆ ಟೋಪಿ ಹಾಕಿದ ಹಾಗೆ ಕಟ್ಟಿ, ಬೆಳಿಗ್ಗೆ ಎದ್ದು ಕೆಂಪು ನೋಡುತ್ತಿದ್ದರಲ್ಲ, ಆ ಮದರಂಗಿ ಇಂದಿಗೂ ಅಗ್ಗದ, ಸೊಗಸಾದ ಉಗುರುಬಣ್ಣ. ಪಾತ್ರೆ ತೊಳೆದರೆ ಏಳೋದಿಲ್ಲ, ಹಿಟ್ಟಿಗೆ ಉದುರೋದಿಲ್ಲ. ಅರ್ಧ ಗಂಟೆಯಲ್ಲೇ ಕಪ್ಪಗೆ ಹತ್ತುತ್ತೆ ಅನ್ನುವ 'ಬ್ಲ್ಯಾಕ್ ಮೆಹಂದಿ' ಮಾತ್ರ ಬೇಡ. ಅದರಲ್ಲಿ ಕೂದಲು ಕಪ್ಪು ಮಾಡುವ ಪಿಪಿಡಿ ಬೆರೆತಿರಬಹುದು, ಚರ್ಮ ಬೊಬ್ಬೆ ಏಳಬಹುದು.

ಹಾಗಾದರೆ ಯಾರಿಗೆ ಯಾವುದು?

* ದಿನವೆಲ್ಲ ನೀರಿನಲ್ಲಿ ಕೈ ಇರುವವರಿಗೆ: ಗಿಡ್ಡ ಉಗುರು, ಬೇಸಿಕ್ ಮೆನಿಕ್ಯೂರ್, ತಿಳಿ ಬಣ್ಣದ ಮಾಮೂಲಿ ಪಾಲಿಶ್. ತಿಳಿ ಬಣ್ಣ ಎದ್ದರೂ ಎದ್ದು ಕಾಣೋದಿಲ್ಲ.
* ಮದುವೆ, ಗೃಹಪ್ರವೇಶಕ್ಕೆ: ವರ್ಷಕ್ಕೆ ಒಂದೆರಡು ಸಲ ಜೆಲ್ ಪರವಾಗಿಲ್ಲ. ಹಾಕುವ ದರದ ಜೊತೆ ತೆಗೆಸುವ ದರವನ್ನೂ ಮೊದಲೇ ಕೇಳಿ.
* ಸಕ್ಕರೆ ಕಾಯಿಲೆ ಇರುವವರಿಗೆ: ಬುಡದ ಚರ್ಮ ಕತ್ತರಿಸುವ ಯಾವ ಮೆನಿಕ್ಯೂರೂ ಬೇಡ.
* ಆಪರೇಷನ್ ಇದ್ದವರಿಗೆ: ಮೊದಲೇ ಬಣ್ಣ ತೆಗೆಸಿ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಆಕ್ಸಿಮೀಟರ್ ಗಾಢ ಬಣ್ಣದ ಉಗುರಿನಲ್ಲಿ ಆಮ್ಲಜನಕದ ಮಟ್ಟವನ್ನು ತಪ್ಪಾಗಿ ತೋರಿಸಬಹುದು.

ಪಾರ್ಲರಿನಲ್ಲಿ ಬಾಯಿ ಬಿಟ್ಟು ಕೇಳಿ

ಉಗುರಿನ ಬುಡದಲ್ಲಿ ತೆಳು ಪೊರೆಯೊಂದಿದೆಯಲ್ಲ, ಕ್ಯೂಟಿಕಲ್, ಅದು ಕೊಳೆಯಲ್ಲ, ಬಾಗಿಲಿನ ಚಿಲಕ. ಅದನ್ನು ಕತ್ತರಿಸಿ ತೆಗೆದರೆ ರೋಗಾಣುವಿಗೆ ಬಾಗಿಲು ತೆರೆದಂತೆ. ಉಗುರುಸುತ್ತು ಆಗಿ, ಬೆರಳಿಗೆ ನಿಂಬೆಹಣ್ಣು ಚುಚ್ಚಿಕೊಂಡು ರಾತ್ರಿಯೆಲ್ಲ ಕೂರುವ ಪಾಡು ಯಾರಿಗೆ ಬೇಕು? "ಕತ್ತರಿಸಬೇಡಮ್ಮಾ, ಮೆಲ್ಲಗೆ ಹಿಂದಕ್ಕೆ ಸರಿಸು ಸಾಕು" ಅಂತ ಹೇಳಿ.

ಒಬ್ಬರಿಗೆ ಬಳಸಿದ ಕತ್ತರಿಯನ್ನು ಒರೆಸಿ ಇನ್ನೊಬ್ಬರಿಗೆ ಬಳಸಿದರೆ ಸಾಲದು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಏಳು ದಿನವಾದರೂ ಬದುಕಿರಬಲ್ಲದು. ನೀಲಿ ದೀಪದ ಪೆಟ್ಟಿಗೆಯಲ್ಲಿ ಇಟ್ಟ ಮಾತ್ರಕ್ಕೆ ಸಲಕರಣೆ ಶುದ್ಧವಾಯಿತೆಂದಲ್ಲ. ತೊಳೆದು ಆಟೋಕ್ಲೇವ್ ಮಾಡಿದರೆ ಭರವಸೆ. ಅಷ್ಟೆಲ್ಲ ವ್ಯವಸ್ಥೆ ಮನೆಯ ಮುಂದಿನ ಕೋಣೆಯಲ್ಲಿ ನಡೆಯುವ ಸಣ್ಣ ಪಾರ್ಲರಿನಲ್ಲಿ ಇರಲಾರದು. ಅದಕ್ಕೆ ಆಕೆಯನ್ನು ದೂರಬೇಕಿಲ್ಲ. ನಿಮ್ಮದೇ ನೇಲ್ ಕಟರ್, ಫೈಲ್, ಕಿತ್ತಳೆಕಡ್ಡಿ ಒಂದು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ. ಖರ್ಚು ಅಲ್ಪ, ಇಬ್ಬರಿಗೂ ನೆಮ್ಮದಿ.

ಮನೆಯಲ್ಲಿ ಮಾಡಬೇಕಾದ್ದು

ದುಬಾರಿ ಸ್ಪಾ ಮೆನಿಕ್ಯೂರ್‌ನ ಬಹುಪಾಲು ಏನು? ಬೆಚ್ಚಗಿನ ನೀರು, ಎಣ್ಣೆ, ತಿಕ್ಕುವ ಕೈ. ರಾತ್ರಿ ಕೆಲಸ ಮುಗಿದ ಮೇಲೆ ಎರಡು ಹನಿ ಕೊಬ್ಬರಿ ಎಣ್ಣೆಯನ್ನು ಉಗುರಿನ ಬುಡಕ್ಕೆ ತಿಕ್ಕಿ. ಪಾತ್ರೆ, ಬಟ್ಟೆ ಕೆಲಸಕ್ಕೆ ರಬ್ಬರ್ ಗ್ಲೌಸ್ ಹಾಕಿ. ಉಗುರನ್ನು ಒಂದೇ ದಿಕ್ಕಿಗೆ ಫೈಲ್ ಮಾಡಿ. ಎರಡು ಸಲ ಬಣ್ಣ ಹಚ್ಚುವ ನಡುವೆ ಕೆಲವು ದಿನ ಬರಿ ಉಗುರನ್ನು ಬಿಟ್ಟು ನೋಡಿ. ಹಸಿರು ಬಣ್ಣ, ಬುಡ ಬಿಟ್ಟ ಉಗುರು, ದಿನೇ ದಿನೇ ಅಗಲವಾಗುವ ಕಪ್ಪು ಗೆರೆ ಕಂಡರೆ ಮೇಲೆ ಬಣ್ಣ ಬಳಿದು ಮುಚ್ಚಬೇಡಿ, ಚರ್ಮವೈದ್ಯರಿಗೆ ತೋರಿಸಿ. ಮತ್ತೊಂದು ಎಚ್ಚರಿಕೆ: ಪಾಲಿಶ್ ಮತ್ತು ರಿಮೂವರ್ ಎರಡೂ ಬೇಗ ಬೆಂಕಿ ಹತ್ತಿಕೊಳ್ಳುವ ವಸ್ತುಗಳು. ಗ್ಯಾಸ್ ಒಲೆಯ ಹತ್ತಿರ, ದೇವರ ದೀಪದ ಮುಂದೆ ಕೂತು ಹಚ್ಚಬೇಡಿ.

ಮುಂದಿನ ಸಲ ದರಪಟ್ಟಿಯ ಮುಂದೆ ನಿಂತಾಗ ಎರಡೇ ಪ್ರಶ್ನೆ ಹಾಕಿಕೊಳ್ಳಿ. ನಾಳೆ ಬೆಳಿಗ್ಗೆಯಿಂದ ಈ ಕೈ ಏನೇನು ಕೆಲಸ ಮಾಡಬೇಕು? ಹಾಕಿದ್ದನ್ನು ತೆಗೆಯುವುದು ಹೇಗೆ? ಇವೆರಡಕ್ಕೂ ಉತ್ತರ ಸಿಕ್ಕಿತೋ, ಆಮೇಲೆ ಕೆಂಪೋ ಗುಲಾಬಿಯೋ, ನಿಮ್ಮಿಷ್ಟ!