ಪ್ಯಾಕ್ ಹೆಚ್ಚಾಯಿತು, ಆಡುವವನೊಬ್ಬ ಕಮ್ಮಿಯಾದ

ನಂಜನಗೂಡಿನ ಓಣಿಯೊಂದರಲ್ಲಿ ಭಾನುವಾರ ಸಂಜೆ ಐದು ಜನ ಬಾಗಿಲು ಮುಂದೆ ಮಾಡಿಕೊಂಡು ಕೈಯಲ್ಲಿ ಎಲೆ ಹಿಡಿದು ಕೂತರೆ ಅಕ್ಕಪಕ್ಕದಲ್ಲಿ ಏನು ಮಾತು ಹುಟ್ಟುತ್ತದೆ ಎಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? 'ಅಂದರ್-ಬಾಹರ್: ಎಂಟು ಮಂದಿ ಬಂಧನ, ನಗದು ವಶ' ಎಂಬ ನಾಲ್ಕು ಸಾಲಿನ ಸುದ್ದಿಯನ್ನು ಇಷ್ಟು ವರ್ಷದಲ್ಲಿ ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಟ್ಟಿಲ್ಲ. ಹಾಗಾಗಿ ಮನೆ ಮಾಲೀಕರಾದ ಅಜ್ಜಿ ಒಂದು ದಿನ ಕಿಟಕಿಯಲ್ಲಿ ಇಣುಕಿ, "ಏನ್ರಪ್ಪಾ, ಪೇಪರ್‌ನೋರೇ ಹಿಂಗ್ ಆಡುದ್ರೆ ಇನ್ಯಾರ್ಗೆ ಹೇಳದು?" ಎಂದಾಗ ಕೋಪ ಬರಲಿಲ್ಲ. ಒಳಗೆ ಕರೆದು ಎಲೆಗಳನ್ನು ತೋರಿಸಿದೆವು. ಅಜ್ಜಿ ಸ್ಪೈಡರ್‌ಮ್ಯಾನ್ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ರಲ್ಲಿ ಗೆಲ್ಲೋರ್ಯಾರು?" ಎಂದರು. ಗೆದ್ದರೆ ಎಲ್ಲರೂ ಗೆಲ್ತೀವಿ, ಸೋತರೆ ಎಲ್ಲರೂ ಸೋಲ್ತೀವಿ ಅಜ್ಜಿ ಎಂದೆವು. ನಂಬಲಿಲ್ಲ.

ಆಟದ ಹೆಸರು ಮಾರ್ವೆಲ್ ಚಾಂಪಿಯನ್ಸ್. ಅಮೆರಿಕದ ಫ್ಯಾಂಟಸಿ ಫ್ಲೈಟ್ ಗೇಮ್ಸ್ 2019ರಲ್ಲಿ ತಂದ ಕಾರ್ಡ್ ಆಟ. ಒಬ್ಬರಿಂದ ನಾಲ್ವರು ಆಡಬಹುದು. ನಾವು ಐದು ಜನ: ನಂಜನಗೂಡು, ಟಿ. ನರಸೀಪುರ ತಾಲ್ಲೂಕುಗಳ ಅರೆಕಾಲಿಕ ವರದಿಗಾರರು ನಾಲ್ವರು, ಬೆಂಗಳೂರು ಸೇರಿದರೂ ವಾರಕ್ಕೊಮ್ಮೆ ಊರಿಗೆ ಬರುವ ಹಳೆಯ ಸಹಪಾಠಿ ಒಬ್ಬ. ನಾಲ್ವರು ಹೀರೋಗಳಾದರೆ ಐದನೆಯವರು ವಿಲನ್‌ನ ಎಲೆ ತಿರುವಿ ಹಾಕುತ್ತಾರೆ. ಅವರು ವಿಲನ್ ಪಕ್ಷದವರಲ್ಲ, ಗುಮಾಸ್ತರು ಅಷ್ಟೆ. ವಿಲನ್ ಏನು ಮಾಡುತ್ತಾನೆ ಎಂಬುದನ್ನು ಎಲೆಗಳ ಕಟ್ಟೇ ತೀರ್ಮಾನಿಸುತ್ತದೆ. ಅವನ ಸಂಚು ಪೂರ್ತಿಯಾಗುವ ಮೊದಲು ಅವನನ್ನು ಬೀಳಿಸಬೇಕು. ಆಗದಿದ್ದರೆ ಮೇಜಿನ ಸುತ್ತ ಕೂತವರೆಲ್ಲರಿಗೂ ಒಂದೇ ಸೋಲು.

ಇದು ನಮ್ಮ ಕೈಗೆ ಬಂದ ಕಾಲವನ್ನು ಹೇಳದಿದ್ದರೆ ನಮಗೆ ಯಾಕೆ ಹಿಡಿಸಿತು ಎಂಬುದು ಅರ್ಥವಾಗುವುದಿಲ್ಲ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಸತ್ತರು. ಇಬ್ಬರು ಕಾಲೇಜು ವಿದ್ಯಾರ್ಥಿಗಳು, ಒಬ್ಬರು ವಯಸ್ಸಾದ ಹೆಂಗಸು, ಒಬ್ಬ 11 ವರ್ಷದ ಹುಡುಗ. ಅದಕ್ಕೆ ಮೊದಲು ನಾವು ನಾಲ್ವರೂ ಬೇರೆ ಬೇರೆ ಪತ್ರಿಕೆಗೆ ಬರೆಯುತ್ತಾ, ಸಿಕ್ಕ ಸುದ್ದಿಯನ್ನು ಒಬ್ಬರಿಗೊಬ್ಬರು ಮುಚ್ಚಿಡುತ್ತಾ ಇದ್ದವರು. ತಹಶೀಲ್ದಾರ್ ಕಚೇರಿ ಮುಂದೆ ಸಿಕ್ಕರೆ "ಏನಿಲ್ಲ, ಸುಮ್ನೆ ಬಂದೆ" ಎನ್ನುವ ಜಾತಿ. ಆ ಚಳಿಗಾಲದಲ್ಲಿ ಸಂಜೆ ಆರರ ಮೇಲೆ ಕಬ್ಬಿನ ಗದ್ದೆ ನಡುವಿನ ದಾರಿಯಲ್ಲಿ ಒಂಟಿಯಾಗಿ ಬೈಕ್ ಓಡಿಸುವ ಧೈರ್ಯ ಯಾರಿಗೂ ಇರಲಿಲ್ಲ. ಎರಡು ಬೈಕಿನಲ್ಲಿ ನಾಲ್ವರೂ ಒಟ್ಟಿಗೆ ಹೋದೆವು. ಫೋಟೊ ಹಂಚಿಕೊಂಡೆವು. ಸತ್ತವರ ಮನೆಯಲ್ಲಿ ನಾಲ್ಕು ಸಲ ಒಂದೇ ಪ್ರಶ್ನೆ ಕೇಳುವ ಬದಲು ಒಬ್ಬರು ಕೇಳಿ ನಾಲ್ವರೂ ಬರೆದೆವು. ರಾತ್ರಿ ವಾಪಸ್ ಬಂದರೆ ಮನೆಗೆ ಹೋಗಿ ಮಲಗಲು ಆಗುತ್ತಿರಲಿಲ್ಲ, ಈ ರೂಮಿನಲ್ಲೇ ಕೂರುತ್ತಿದ್ದೆವು. ಸಂಕ್ರಾಂತಿಗೆ ಬಂದ ಬೆಂಗಳೂರಿನ ಗೆಳೆಯ ಪೆಟ್ಟಿಗೆ ತಂದದ್ದು ಆಗ.

ಚಿರತೆಯನ್ನು ವಿಲನ್ ಎನ್ನುತ್ತಿಲ್ಲ. ಕಬ್ಬಿನಲ್ಲಿ ಮರಿ ಹಾಕಿ ನಾಯಿ ಹಿಡಿದು ಬದುಕುವ ಪ್ರಾಣಿಗೆ ಸಂಚು ಗಿಂಚು ಏನೂ ಇರುವುದಿಲ್ಲ. ಹೇಳುತ್ತಿರುವುದು ನಮ್ಮ ವಿಷಯ. ಎದುರಾಳಿ ಪಕ್ಕದಲ್ಲಿ ಕೂತವನಲ್ಲ ಎಂಬ ಆಟವನ್ನು ನಾವು ಅದಕ್ಕೆ ಮೊದಲು ಆಡಿರಲಿಲ್ಲ. ಚೌಕಾಬಾರದಲ್ಲಿ ಕಾಯಿ ಕಡಿಯಬೇಕು, ಕೇರಂನಲ್ಲಿ ರಾಣಿಯನ್ನು ತಪ್ಪಿಸಬೇಕು. ಹುಲಿ-ಕುರಿ ಆಟವೊಂದು ಇದರ ಹತ್ತಿರ ಬರುತ್ತದೆ: ಆಡುವವರು ಇಬ್ಬರೇ ಆದರೂ ಅರಳಿಕಟ್ಟೆಯಲ್ಲಿ ನೋಡುತ್ತಾ ನಿಂತವರೆಲ್ಲ ಕುರಿಯ ಕಡೆಗೇ ಸೇರಿ ಹುಲಿಯನ್ನು ಕಟ್ಟಿಹಾಕಲು ಉಪಾಯ ಹೇಳುತ್ತಾರೆ.

ಇನ್ನೊಂದು ಕಾರಣವನ್ನೂ ಒಪ್ಪಿಕೊಳ್ಳಬೇಕು. ಪೀಟರ್ ಪಾರ್ಕರ್ ನಮ್ಮವನು. ಕಾಮಿಕ್ಸ್‌ನಲ್ಲಿ ಅವನು ಡೈಲಿ ಬ್ಯೂಗಲ್ ಪತ್ರಿಕೆಗೆ ಫೋಟೊ ಮಾರುತ್ತಾನೆ, ಫೋಟೊಗಿಷ್ಟು ಎಂದು ದುಡ್ಡು. ಪಿಎಫ್ ಇಲ್ಲ, ಗುರುತಿನ ಚೀಟಿಗೂ ಸಂಪಾದಕರ ಮರ್ಜಿ ಕಾಯಬೇಕು. ಚಿಕ್ಕಂದಿನಲ್ಲಿ ದೂರದರ್ಶನದಲ್ಲಿ ನೋಡುತ್ತಿದ್ದ ಶಕ್ತಿಮಾನ್ ಕೂಡ ಗಂಗಾಧರನಾಗಿ ಪತ್ರಿಕೆಯೊಂದಕ್ಕೆ ಫೋಟೊ ತೆಗೆಯುತ್ತಿದ್ದ. ಈ ಆಟದ ಜಾಣತನ ಇರುವುದೂ ಅಲ್ಲಿಯೇ. ಪ್ರತಿ ಹೀರೋನ ಎಲೆಗೆ ಎರಡು ಮುಖ. ಒಂದು ಕಡೆ ಮುಖವಾಡ, ಇನ್ನೊಂದು ಕಡೆ ಮನೆಯ ಮನುಷ್ಯ. ಮುಖವಾಡ ಹಾಕಿದ್ದರೆ ವಿಲನ್ ನೇರ ಬಂದು ಹೊಡೆಯುತ್ತಾನೆ. ಮನೆಗೆ ಹೋಗಿ ಸುಧಾರಿಸಿಕೊಂಡರೆ ಹೊಡೆಯುವುದಿಲ್ಲ, ಸಂಚನ್ನು ಮುಂದಕ್ಕೆ ತಳ್ಳುತ್ತಾನೆ. ನಾಲ್ವರೂ ಒಟ್ಟಿಗೆ ಮನೆಗೆ ಹೋದರೆ ಕತೆ ಮುಗಿಯಿತು. ಅದಕ್ಕೇ "ಈ ಸುತ್ತು ನೀನು ಹೋಗು, ನಾನು ನಿಂತಿರ್ತೀನಿ" ಎಂಬ ಮಾತು ತಾನಾಗಿ ಬರುತ್ತದೆ. ಪತ್ರಿಕೋದ್ಯಮ ಡಿಪ್ಲೊಮಾದ ತರಗತಿಯಲ್ಲಿ ಆ ಮಾತು ನಮಗೆ ಯಾರೂ ಕಲಿಸಿರಲಿಲ್ಲ. ಜೊತೆಗೆ ಪ್ರತಿ ಹೀರೋಗೂ ಒಂದು ಮನೆ ತಾಪತ್ರಯದ ಎಲೆ ಇದೆ, ಅದು ವಿಲನ್‌ನ ಕಟ್ಟಿನಲ್ಲಿ ಸೇರಿಕೊಂಡಿರುತ್ತದೆ. ಪೀಟರ್‌ಗೆ ಬರುವುದು ಮನೆ ಖಾಲಿ ಮಾಡಿಸುವ ನೋಟಿಸು. ಆ ಎಲೆ ಮೊದಲ ಸಲ ಬಿದ್ದಾಗ ನಮ್ಮಲ್ಲಿ ಇಬ್ಬರಿಗೆ ಎರಡು ತಿಂಗಳ ಬಾಡಿಗೆ ಬಾಕಿ ಇತ್ತು. ನಕ್ಕಿದ್ದು ಅಷ್ಟಿಷ್ಟಲ್ಲ.

ಮೊದಲ ಪೆಟ್ಟಿಗೆಯಲ್ಲಿ ಐವರು ಹೀರೋಗಳು, ಮೂವರು ವಿಲನ್‌ಗಳು, ಸುಮಾರು 350 ಎಲೆ. ರೈನೋ ಸುಲಭ, ಕ್ಲಾ ನಡುವಿನವನು, ಅಲ್ಟ್ರಾನ್ ಕಷ್ಟ. ಅಲ್ಟ್ರಾನ್ ನಮ್ಮ ಕಟ್ಟಿನ ಎಲೆಯನ್ನೇ ಮಗುಚಿ ತನ್ನ ಚೇಲಾ ಮಾಡಿಕೊಳ್ಳುತ್ತಾನೆ. ಈ ಒಂದು ಪೆಟ್ಟಿಗೆಯಲ್ಲಿ ನಾವು ಆರು ತಿಂಗಳು ಬೇಜಾರಿಲ್ಲದೆ ಆಡಿದೆವು.

ಆಮೇಲೆ ಪ್ಯಾಕ್‌ಗಳು ಬಂದವು. ಇಂಥ ಆಟಗಳೆಲ್ಲ ಹಾಗೇ, ಬೆಳೆಯಲೆಂದೇ ಹುಟ್ಟಿದಂಥವು. 2011ರ ಸೆಂಟಿನೆಲ್ಸ್ ಆಫ್ ದಿ ಮಲ್ಟಿವರ್ಸ್, 2012ರ ಲೆಜೆಂಡರಿ, 2020ರ ಮಾರ್ವೆಲ್ ಯುನೈಟೆಡ್, ಒಂದನ್ನೂ ಪೆಟ್ಟಿಗೆಗೆ ನಿಲ್ಲಿಸಲಿಲ್ಲ. ಮಾರ್ವೆಲ್ ಚಾಂಪಿಯನ್ಸ್‌ಗೆ 2020ರಲ್ಲಿ ರೆಡ್ ಸ್ಕಲ್‌ನ ಪೆಟ್ಟಿಗೆ, 2021ರಲ್ಲಿ ಎರಡು, 2022ರಲ್ಲಿ ಮತ್ತೆರಡು, ನಡುನಡುವೆ 60 ಎಲೆಗಳ ಹೀರೋ ಪ್ಯಾಕ್‌ಗಳು. ಒಂದು ಮಾತು ನ್ಯಾಯವಾಗಿ ಹೇಳಬೇಕು: ಈ ಪ್ಯಾಕ್‌ಗಳಲ್ಲಿ ಮೋಸವಿಲ್ಲ. ಹೊದಿಕೆಯ ಮೇಲೆ ಬರೆದದ್ದೇ ಒಳಗಿರುತ್ತದೆ. ನಾವು ಚಿಕ್ಕವರಿದ್ದಾಗ ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಚೀಟಿಯಂತೆ, ಬೇಕಾದ್ದು ಸಿಗುವವರೆಗೆ ಕೊಳ್ಳುತ್ತಲೇ ಇರಬೇಕಾದ ಲಾಟರಿ ಇದಲ್ಲ. ಆದರೆ ಅಮೆರಿಕದಲ್ಲೇ ಮೊದಲ ಪೆಟ್ಟಿಗೆಗೆ ಸುಮಾರು 60 ಡಾಲರ್, ಹೀರೋ ಪ್ಯಾಕ್‌ಗೆ 15 ಡಾಲರ್ ಮುಖಬೆಲೆಯಿಂದ ಶುರುವಾದದ್ದು. ಸಾಗಾಟ, ಸುಂಕ, ಅಂಗಡಿಯವರ ಲಾಭ ಸೇರಿ ನಂಜನಗೂಡು ತಲುಪುವಾಗ ಒಂದು ಹೀರೋಗೆ ನಮ್ಮಂಥವರು ಹತ್ತು ಹದಿನೈದು ಸುದ್ದಿ ಬರೆಯಬೇಕು. ಬೆಂಗಳೂರಿನ ಗೆಳೆಯ ಐಟಿಯಲ್ಲಿದ್ದಾನೆ, ಅವನೇ ತಂದ. ಬೇಡ ಎನ್ನಲಿಲ್ಲ. ಸುಳ್ಳೇಕೆ, ಆಸೆಯಿಂದ ಕಾಯುತ್ತಿದ್ದೆವು.

ಹೊಸ ವಿಲನ್ ಬಂದರೆ ಹೊಸ ನಿಯಮ. ಎಲೆಯ ಮೇಲಿನ ಅಕ್ಷರ ಇನ್ನಷ್ಟು ಸಣ್ಣ, ವಾಕ್ಯ ಇನ್ನಷ್ಟು ಉದ್ದ. ಯಾವ ಹೀರೋ ಜೊತೆ ಯಾವ ಎಲೆ ಹೊಂದುತ್ತದೆ ಎಂದು ಮೊದಲೇ ಕೂತು ಕಟ್ಟು ಜೋಡಿಸಿಕೊಳ್ಳಬೇಕು. ಜೋಡಿಸುವುದೇ ಕೆಲವರಿಗೆ ಆಟಕ್ಕಿಂತ ದೊಡ್ಡ ಸುಖ. ಬೆಂಗಳೂರಿನವನು ಮೊಬೈಲ್‌ನಲ್ಲಿ ನೋಡಿಕೊಂಡು ನಾಲ್ಕು ಕಟ್ಟನ್ನೂ ತಾನೇ ಜೋಡಿಸಿ ತರಲು ಶುರುಮಾಡಿದ. ಕಟ್ಟು ಜೋಡಿಸಿದವನಿಗೆ ಮುಂದಿನ ನಡೆಯೂ ಗೊತ್ತಿರುತ್ತದೆ. "ನೀನು ಅದು ಹಾಕು, ನೀನು ಇದು ಹಾಕು" ಎನ್ನುತ್ತಾನೆ. ಒಟ್ಟಾಗಿ ಆಡುವ ಆಟಕ್ಕೆ ಎಲ್ಲ ಕಡೆ ಇರುವ ರೋಗ ಇದು. ಒಬ್ಬ ಆಡುತ್ತಾನೆ, ಮಿಕ್ಕವರು ಎಲೆ ಹಿಡಿದುಕೊಂಡಿರುತ್ತಾರೆ. ಮೊದಲ ಪೆಟ್ಟಿಗೆಯಲ್ಲಿ ಎಲ್ಲರ ತಿಳಿವಳಿಕೆ ಸಮ ಇದ್ದುದರಿಂದ ರೋಗ ಕಾಣಲಿಲ್ಲ. ಪ್ಯಾಕ್ ಹೆಚ್ಚಿದಂತೆ ಉಲ್ಬಣಿಸಿತು.

ನಮ್ಮಲ್ಲಿ ಒಬ್ಬ ಕಪಿಲಾ ತೀರದ ಹಳ್ಳಿಯವನು, ಕೃಷಿ ಸುದ್ದಿಯಲ್ಲಿ ಅವನನ್ನು ಮೀರಿಸುವವರು ಎರಡು ತಾಲ್ಲೂಕಿನಲ್ಲಿ ಇಲ್ಲ. ಓದಿದ್ದೆಲ್ಲ ಕನ್ನಡ ಮಾಧ್ಯಮ. ಮೊದಲ ಪೆಟ್ಟಿಗೆಯ ಎಲೆಗಳನ್ನು ಆಡಿ ಆಡಿ ಚಿತ್ರದ ಗುರುತಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದ. ಅಲ್ಟ್ರಾನ್‌ನನ್ನು ಮೊದಲ ಸಲ ಬೀಳಿಸಿದ ಏಟು ಅವನದೇ. ಹೊಸ ಎಲೆಗಳು ಬಂದ ಮೇಲೆ ಪ್ರತಿ ಸಲ "ಇದರಲ್ಲಿ ಏನ್ ಬರ್ದದೆ?" ಎಂದು ಕೇಳಬೇಕಾಯಿತು. ನಾವು ಅವಸರದಲ್ಲಿ ಅರ್ಧ ಹೇಳಿದೆವು. ಕೊನೆಕೊನೆಗೆ ಹೇಳುವುದನ್ನೂ ಬಿಟ್ಟು ಅವನ ಕೈಯ ಎಲೆಯನ್ನು ನಾವೇ ಎಳೆದು ಹಾಕಿದೆವು. ಒಂದು ಭಾನುವಾರ ಹಸುವಿಗೆ ಹುಷಾರಿಲ್ಲ ಎಂದ. ಮುಂದಿನ ವಾರ ಮದುವೆ ಎಂದ. ಮೂರನೇ ವಾರ ಫೋನೇ ಮಾಡಲಿಲ್ಲ. ನಾಲ್ಕೇ ಜನ ಆದೆವಲ್ಲ, ಲೆಕ್ಕಕ್ಕೆ ಸರಿಹೋಯಿತು ಎಂದು ನಮ್ಮಲ್ಲಿ ಒಬ್ಬರು ಹೇಳಿದ್ದೂ ಉಂಟು. ಯಾರು ಎಂದು ಬರೆಯುವುದಿಲ್ಲ, ಈ ಬರಹಕ್ಕೆ ಎಲ್ಲರೂ ಸಹಿ ಹಾಕಿದ್ದೇವೆ.

ಈ ಬೆಳೆಯುವ ಚಟ ಅಮೆರಿಕದ್ದು ಎಂದುಕೊಳ್ಳುವವರು ಒಮ್ಮೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ ಗೋಡೆ ನೋಡಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ್ ರೂಪಿಸಿದ ಆಟಗಳ ಮನೆಗಳನ್ನು ಅಲ್ಲಿ ಬರೆಸಿದ್ದಾರೆ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ದೊರೆಗೆ ಉಳಿದದ್ದು ಕಲೆ, ಸಾಹಿತ್ಯ, ಆಟ. ಅವರ ಶ್ರೀತತ್ತ್ವನಿಧಿಯಲ್ಲಿ ಕೌತುಕ ನಿಧಿ ಎಂಬ ಭಾಗವೇ ಆಟಗಳಿಗೆ ಮೀಸಲು. ಹಳೆಯ ದಶಾವತಾರ ಗಂಜೀಫದಲ್ಲಿ ಮತ್ಸ್ಯನಿಂದ ಕಲ್ಕಿವರೆಗೆ ಹತ್ತು ಬಣ್ಣ, ಬಣ್ಣಕ್ಕೆ 12ರಂತೆ 120 ಎಲೆ. ಹತ್ತು ಅವತಾರದ ಹೀರೋಗಳು ಎನ್ನಿ. ಮುಮ್ಮಡಿಯವರಿಗೆ ಅದು ಸಾಲಲಿಲ್ಲ. ಛದ ಎಂದು ಕರೆದು, 36 ಎಲೆಯ ಚಿಕ್ಕ ಆಟದಿಂದ 18 ಬಣ್ಣದ 360 ಎಲೆಯ ಆಟದವರೆಗೆ ಬೆಳೆಸಿಬಿಟ್ಟರು. ಕೈಯಲ್ಲಿ ಬರೆದ ಆ ಎಲೆಗಳ ಚಂದ ನೋಡಿದರೆ ಕಣ್ಣು ಕೀಳಲಾಗುವುದಿಲ್ಲ. ಆದರೆ 360 ಎಲೆ ಹಂಚಿಕೊಂಡು ಆಡಬಲ್ಲವರು ಇವತ್ತು ಎಲ್ಲಿ ಸಿಗುತ್ತಾರೆ? ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಕ್ರೀಡಾ ಕೌಶಲ್ಯ ಪ್ರದರ್ಶನಗಳಲ್ಲಿ ಇಂಥ ಹಳೆಯ ಆಟಗಳಿಗೆ ಮತ್ತೆ ಜೀವ ಕೊಡುತ್ತಾ ಬಂದಿದ್ದಾರೆ. ಜನ ಕೊಂಡುಹೋಗಿ ಆಡುವುದು ಮಾತ್ರ ಚೌಕಾಬಾರ, ಅಳಗುಳಿ ಮನೆ, ಪಗಡೆಯಂಥವನ್ನೇ ಎಂದು ನಮ್ಮ ಅಂದಾಜು. ಛದ ಮರೆಯಾಗಲು ಅಚ್ಚಿನ ಅಗ್ಗದ ಇಸ್ಪೀಟೂ ಕಾರಣ, ಬರೆಯುವ ಕಲಾವಿದರಿಗೆ ಆಶ್ರಯ ತಪ್ಪಿದ್ದೂ ಕಾರಣ. ಅದರ ಜೊತೆಗೆ, ಕಲಿಯಲು ಅರಮನೆಯಷ್ಟು ಪುರುಸೊತ್ತು ಬೇಕಿತ್ತು ಎಂಬುದನ್ನೂ ನಾವು ಸೇರಿಸುತ್ತೇವೆ. ಚೌಕಾಬಾರಕ್ಕೆ ಸೀಮೆಸುಣ್ಣ, ನಾಲ್ಕು ಕವಡೆ ಸಾಕು. ಕವಡೆ ಇಲ್ಲದಿದ್ದರೆ ಅರ್ಧ ತೇಯ್ದ ಹುಣಸೆಬೀಜ.

ಹಾಗಂತ ಪ್ಯಾಕ್ ಕೊಳ್ಳಲೇಬೇಡಿ ಎಂದು ಹೇಳುವಷ್ಟು ಸನ್ಯಾಸಿಗಳಲ್ಲ ನಾವು. ಒಂದೇ ವಿಲನ್‌ನನ್ನು 30 ಸಲ ಬೀಳಿಸಿದ ಮೇಲೆ ಬಾಯಿ ರುಚಿ ಕೆಡುತ್ತದೆ. ನಮ್ಮ ತಕರಾರು ಕ್ರಮದ್ದು. ಮೇಜಿನಲ್ಲಿರುವ ಎಲ್ಲರಿಗೂ ಇರುವ ಎಲೆ ಓದಲು ಬರುವ ಮೊದಲೇ ಹೊಸದು ತರಬಾರದು. ಕಟ್ಟನ್ನು ಅವರವರೇ ಜೋಡಿಸಿಕೊಳ್ಳಬೇಕು, ಕೆಟ್ಟದಾಗಿ ಜೋಡಿಸಿ ಸೋತರೂ ಸರಿ. ಎಲೆಗಳು ಒಬ್ಬನ ಬೀರುವಿನಲ್ಲಿ ಇರಬಾರದು. ಬೆಂಗಳೂರಿನವನು ಎರಡು ವಾರ ಬರದಿದ್ದಾಗ ಆಟವೇ ನಿಂತಿತ್ತು, ಅದು ಯಾವ ಸೀಮೆ ಸಹಕಾರ?

ಅವನು ಒಪ್ಪಿ ಪ್ಯಾಕ್‌ಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಅಜ್ಜಿಯ ಅಟ್ಟಕ್ಕೆ ಏರಿಸಿದ. ನಾವು ನಾಲ್ವರೂ ಹಳ್ಳಿಗೇ ಹೋದೆವು. ಹಸು ಚೆನ್ನಾಗೇ ಇತ್ತು. ಅವನು ಟೀ ಕೊಟ್ಟ, ಆಟದ ಮಾತು ಎತ್ತಲಿಲ್ಲ. ನಾವೂ ಎತ್ತಲಾಗದೆ ಭತ್ತದ ಖರೀದಿ ಕೇಂದ್ರದ ಮಾತಾಡಿ ಎದ್ದೆವು. ಬಾಗಿಲಲ್ಲಿ ನರಸೀಪುರದ ಗೆಳತಿ, "ಎಲೆಗೆಲ್ಲ ಕನ್ನಡ ಚೀಟಿ ಅಂಟಿಸ್ತಾ ಇದೀವಿ, ನೀನಿಲ್ದೆ ಒಂದು ಪದಾನೂ ಸರಿ ಬರ್ತಿಲ್ಲ" ಎಂದಳು. ಅದು ನಿಜವೂ ಆಗಿತ್ತು.

ಈಗ ಆ ಕೆಲಸ ನಡೆಯುತ್ತಿದೆ. ದಣಿದ ಎಲೆಯನ್ನು ಅಡ್ಡ ತಿರುಗಿಸುವುದಕ್ಕೆ ನಾವು 'ವಿಶ್ರಾಂತಿ ಸ್ಥಿತಿ' ಎಂದು ಬರೆದಿದ್ದೆವು. ಅವನು ಹೊಡೆದುಹಾಕಿ 'ಸುಸ್ತು' ಎಂದು ಬರೆದ. ಸಂಚು ತಡೆಯುವುದಕ್ಕೆ 'ಅಡ್ಡಗಾಲು'. ಮನೆ ಕಷ್ಟದ ಎಲೆಗೆ 'ತಾಪತ್ರಯ' ಎಂಬ ಹೆಸರಿಟ್ಟದ್ದೂ ಅವನೇ. ದೊಡ್ಡ ಜಗಳ ನಡೆದದ್ದು ಪೀಟರ್‌ನನ್ನು ಉಪಚರಿಸುವ ಆಂಟ್ ಮೇ ಎಲೆಯ ಮೇಲೆ. ನಾವು 'ಮೇ ಅತ್ತೆ' ಎಂದು ಬರೆದಿಟ್ಟಿದ್ದೆವು. ಬೆಂಗಳೂರಿನವನು, ಅವಳ ಗಂಡ ಬೆನ್ ಪೀಟರ್‌ನ ಅಪ್ಪನ ಅಣ್ಣ ಎಂದ ಕೂಡಲೇ ಹಳ್ಳಿಯವನು ಪೆನ್ನು ಕಿತ್ತುಕೊಂಡ. "ಅಪ್ಪನ್ ಅಣ್ಣನ್ ಹೆಂಡ್ತಿ ಅತ್ತೆ ಹೆಂಗಾದಾಳು? ದೊಡ್ಡವ್ವ ಅಲ್ವಾ?" ಈಗ ಆ ಎಲೆ ಮೇ ದೊಡ್ಡವ್ವ.

200ಕ್ಕೂ ಹೆಚ್ಚು ಎಲೆ ಬಾಕಿ ಇವೆ. ಈ ಭಾನುವಾರ ನಂಜನಗೂಡಿಗೆ ಬರುವ ಓದುಗ ಗೆಳೆಯರು ಯಾರಾದರೂ ಇದ್ದರೆ ಒಂದು ಅಂಟಿನ ಬಾಟಲಿ, ಸಣ್ಣ ಅಕ್ಷರ ಬರೆಯುವ ಪೆನ್ನು ತನ್ನಿ. ಅಜ್ಜಿ ಕೇಳಿದರೆ ನಾವು ಕರೆದದ್ದು ಎಂದು ಹೇಳಿ.