26 ಕಿಲೋ ಚೀಲದ ಲೆಕ್ಕ

ಸಾಫ್ಟ್‌ವೇರ್ ಅಂದರೆ ಒಮ್ಮೆ ಬರೆದು ನೂರು ಜನಕ್ಕೆ ಮಾರುವ ಸರಕು, ಎರಡನೇ ಪ್ರತಿಗೆ ಖರ್ಚೇ ಇಲ್ಲ ಎಂಬ ಮಾತಿದೆ. ಗಂಗಾವತಿಯ ರೈಸ್‌ಮಿಲ್ಲುಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರಲು ಹೊರಟವರು ಇದನ್ನು ನಂಬಿದರೆ ಕೆಟ್ಟರು. ಪ್ರತಿಗೆ ಖರ್ಚಿಲ್ಲ, ನಿಜ. ಆಮೇಲೆ ಬರುವ ಫೋನಿಗೆ ಖರ್ಚಿದೆ.

2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಅಕ್ಕಿಗೆ ಶೇ 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ತೆರಿಗೆ ಇಲ್ಲ. ವ್ಯಾಪಾರಿ ಸುಮ್ಮನಿರುತ್ತಾನೆಯೇ? ಮಾರುಕಟ್ಟೆಗೆ 26 ಕಿಲೋ ಚೀಲ ಇಳಿಯಿತು. ಮಿಲ್ಲಿನವರಿಗೆ ಅದು ಒಂದು ಕಿಲೋ ಹೆಚ್ಚಿಗೆ ತುಂಬುವ ಕೆಲಸ. ಸಾಫ್ಟ್‌ವೇರಿನವರು ಮಾತ್ರ ದಾಸ್ತಾನು, ದರಪಟ್ಟಿ, ಬಿಲ್ಲು, ತೆರಿಗೆ ಎಲ್ಲವನ್ನೂ ತಿದ್ದಬೇಕು. ಒಂದೇ ಸಲ ದುಡ್ಡು ಎಣಿಸಿಕೊಂಡ ಕಂಪನಿ ಇದನ್ನೆಲ್ಲ ಪುಕ್ಕಟೆ ಮಾಡಬೇಕು. ಗಿರಾಕಿ ಹೆಚ್ಚಿದಷ್ಟೂ ನಷ್ಟ ಹೆಚ್ಚುವ ವ್ಯಾಪಾರ ಇದು!

ಹಾಗಾಗಿ ಲಾಭ ವರ್ಷಾವರಿ ಸೇವೆಯಲ್ಲಿದೆ, ಅದೂ ಒಂದೇ ಕಸುಬನ್ನು ಬಿಗಿಯಾಗಿ ಹಿಡಿದರೆ. ಬೆಂಗಳೂರಿನ ಟ್ಯಾಲಿ 1986ರಲ್ಲಿ ಹುಟ್ಟಿದ್ದು ಶ್ಯಾಮ್ ಸುಂದರ್ ಗೋಯೆಂಕಾ ಅವರ ಸ್ವಂತ ವ್ಯಾಪಾರದ ಲೆಕ್ಕಕ್ಕೆ ಮಗ ಭರತ್ ಬರೆದ ಪ್ರೋಗ್ರಾಮಿನಿಂದ. ಇವತ್ತು ಅದಕ್ಕೂ ವರ್ಷ ವರ್ಷ ನವೀಕರಣದ ಹಣ ಬೇಕು. ಖಾತೆ-ಲೆಡ್ಜರಿನಲ್ಲಿ ಅದರೊಡನೆ ಸೆಣಸುವುದು ವ್ಯರ್ಥ. ಅದು ಕೈಹಾಕದ ಮೂಲೆಗಳಿವೆ: 75 ಕಿಲೋ ಲೆಕ್ಕದ ಭತ್ತದ ಚೀಲ, ಹಸಿ ಭತ್ತದ ಕಡಿತ, ಹಮಾಲಿ, ದಲ್ಲಾಳಿ ಅಂಗಡಿ ರೈತನಿಗೆ ಕೊಟ್ಟ ಮುಂಗಡ, ನುಚ್ಚು-ತೌಡಿನ ಇಳುವರಿ.

ಮಿಲ್ಲಿನವರು ವರ್ಷ ವರ್ಷ ಕೊಡುವುದಿಲ್ಲ ಎನ್ನುತ್ತಾರೆ. ವೇಬ್ರಿಜ್‌ಗೆ ಮುದ್ರೆ ಹಾಕಿಸಲು ವರ್ಷ ವರ್ಷ ಕಟ್ಟುತ್ತಾರಲ್ಲ! ಭತ್ತ ಬರುವ ಹೊತ್ತಿಗೆ ಕೇಳಬೇಕು, ಅಷ್ಟೇ; ಮಾರ್ಚ್ ಕೊನೆಗೆ ಕೇಳುವುದು ಬೆಂಗಳೂರಿನ ರೂಢಿ.

ನಿಜವಾದ ಅಪಾಯ ಬೇರೆ. ಗಿರಾಕಿಗಳೆಲ್ಲ ಒಂದೇ ಕಾಲುವೆಯ ಕೆಳಗಿದ್ದರೆ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಗಂಗಾವತಿ, ಕಾರಟಗಿ, ಸಿಂಧನೂರು ಒಟ್ಟಿಗೇ ಎದೆ ಹಿಡಿದುಕೊಂಡವು. ಹಾಗಾಗಿ ಈ ಕಾಲುವೆಯ ಹೊರಗೂ ಗಿರಾಕಿಗಳು ಬೇಕು. ಕೊಪ್ಪಳದ ಆಚೆಗಿನ ಕುಷ್ಟಗಿ, ಯಲಬುರ್ಗಾ ಹತ್ತಿರದ ಮಾರುಕಟ್ಟೆಗಳೇನೋ ಹೌದು. ಆದರೆ ಬಹುಪಾಲು ಮಳೆ ನಂಬಿದ ಆ ಸೀಮೆಯಲ್ಲಿ ಸಜ್ಜೆ, ಮೆಕ್ಕೆಜೋಳ, ಕಡಲೆಯ ವ್ಯಾಪಾರ. ಅಲ್ಲಿ ತೌಡಿನ ಲೆಕ್ಕ ಯಾರಿಗೂ ಬೇಡ, ಇನ್ನೊಂದು ಸಾಫ್ಟ್‌ವೇರನ್ನೇ ಬರೆಯಬೇಕಾದೀತು. ದಾವಣಗೆರೆ ದೂರ, ಆದರೆ ಅದು ಕುಡಿಯುವುದು ಭದ್ರಾ ನೀರು, ಮಿಲ್ಲುಗಳಲ್ಲಿ ಸುರಿಯುವುದು ಇದೇ ನುಚ್ಚು, ಇದೇ ತೌಡು. ಎರಡನೇ ಕಚೇರಿಯ ಬಾಡಿಗೆ ಅಲ್ಲಿ ಕಟ್ಟುವುದೇ ಲೇಸು.