ಕುಡಿಯದ ಹುಡುಗನಿಗೆ ವಿಚಾರಣೆ

2023ರ ಜನವರಿಯಲ್ಲಿ ಕರ್ನಾಟಕ ಸರಕಾರವು ಮದ್ಯ ಖರೀದಿಯ ಕನಿಷ್ಠ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ನಿಯಮವನ್ನು ಹೊರಡಿಸಿ, ಸಾರ್ವಜನಿಕರ ವಿರೋಧ ಕಂಡು ಅದೇ ತಿಂಗಳು ಕೈಬಿಟ್ಟಿತು. ಹೆತ್ತವರಾದ ನಾವು ನಿಟ್ಟುಸಿರು ಬಿಟ್ಟೆವು. ಆದರೆ ವಿದ್ಯಾರ್ಥಿನಿಲಯಗಳಲ್ಲಿ ನಡೆಯುವ ಕಾನೂನೇ ಬೇರೆ. ಅಲ್ಲಿ ಕುಡಿಯುವವನನ್ನು ಯಾರೂ ಕಾರಣ ಕೇಳುವುದಿಲ್ಲ. ಒಲ್ಲೆನೆಂದವನೇ ಕಾರಣ ಕೊಡಬೇಕು. ಔಷಧ ಸೇವಿಸುತ್ತಿದ್ದೇನೆ, ನಾಳೆ ಪರೀಕ್ಷೆಯಿದೆ ಎಂದರೆ ವಿನಾಯಿತಿಯುಂಟು. ಬರಿದೆ ‘ನನಗೆ ಬೇಡ’ ಎಂದರೆ ‘ಹಾಗಾದರೆ ಬಳೆ ತೊಟ್ಟುಕೋ’ ಎಂಬ ಕುಹಕ ಕಾದಿರುತ್ತದೆ. ಈ ಕುಹಕದಿಂದ ಅವಮಾನ ಯಾರಿಗೆ ಹೆಚ್ಚು, ಹುಡುಗನಿಗೋ ಬಳೆ ತೊಡುವವರಿಗೋ, ನಮ್ಮ ಹೆಣ್ಣುಮಕ್ಕಳೇ ಹೇಳಲಿ.

ಪೌರುಷದ ಈ ಅಳತೆಗೋಲು ಲೆಕ್ಕದಲ್ಲೂ ನಿಲ್ಲದು. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 15 ವರ್ಷ ಮೇಲ್ಪಟ್ಟ ಭಾರತೀಯ ಪುರುಷರಲ್ಲಿ ಮದ್ಯ ಸೇವಿಸುವವರು ಸುಮಾರು ಶೇಕಡಾ 19 ಮಾತ್ರ. ಐವರಲ್ಲಿ ನಾಲ್ವರು ಕುಡಿಯದ ನಾಡಿನಲ್ಲಿ ಕುಡಿಯದವನೇ ವಿಚಿತ್ರವಾಗಿ ಕಾಣುವುದೆಂತು? ಕುಡಿಯುವ ಗುಂಪು ಸದ್ದು ಮಾಡುತ್ತದೆ. ಉಳಿದವರು ಊಟ ಮುಗಿಸಿ ಮಲಗುತ್ತಾರೆ.

ಕ್ರೈಸ್ತ ವಿದ್ಯಾರ್ಥಿಯ ಪಾಡು ಇನ್ನೂ ಬಿಗಿಯಾದುದು. ‘ಕ್ರಿಶ್ಚಿಯನ್ ಆಗಿಯೂ ಕುಡಿಯುವುದಿಲ್ಲವೇ?’ ಎಂದು ಸಹಪಾಠಿಗಳು ಬೆರಗಾಗುತ್ತಾರೆ. ಬಾಟಲಿ ಹಿಡಿದ ಕ್ರೈಸ್ತನನ್ನು ಚಲನಚಿತ್ರಗಳು ದಶಕಗಳಿಂದ ತೋರಿಸುತ್ತ ಬಂದಿವೆಯೆಂದು ನಾವು ದೂರುತ್ತೇವೆ. ದೂರು ನ್ಯಾಯವಾದುದೇ. ಆದರೆ ಮಗ ಪದವಿಪೂರ್ವ ತರಗತಿ ಮುಗಿಸಿದ ವರ್ಷದ ಕ್ರಿಸ್ಮಸ್ ರಾತ್ರಿ, ಬಂಧುಗಳೇ ಲೋಟ ತುಂಬಿ ‘ಇನ್ನು ನೀನು ಗಂಡಸಾದೆ’ ಎಂದು ಬೆನ್ನು ತಟ್ಟುವುದನ್ನು ಯಾವ ಚಿತ್ರನಿರ್ಮಾಪಕನೂ ನಮಗೆ ಕಲಿಸಲಿಲ್ಲ. 21 ಎಂಬ ಅಂಕೆ ಆಗ ಯಾರಿಗೂ ನೆನಪಾಗುವುದಿಲ್ಲ. ಹೀಗೆ ಮನೆಯಲ್ಲಿ ಒಲ್ಲೆನೆನ್ನಲು ಅವಕಾಶ ಕಾಣದ ಹುಡುಗ ವಸತಿನಿಲಯದಲ್ಲಿ ಒಲ್ಲೆನೆನ್ನಬೇಕೆಂದು ನಾವು ನಿರೀಕ್ಷಿಸುತ್ತೇವೆ.

ಧರ್ಮಕೇಂದ್ರಗಳಲ್ಲಿ ಮದ್ಯಪಾನ ವಿರೋಧಿ ಉಪನ್ಯಾಸಗಳು ನಡೆಯುತ್ತವೆ. ಅವು ಬಹುಮಟ್ಟಿಗೆ ಕುಡುಕನನ್ನೂ ಅವನ ಸಂಸಾರವನ್ನೂ ಕುರಿತವು. ಕುಡಿಯದವನ ಒಂಟಿತನಕ್ಕೆ ಅಲ್ಲಿ ಮಾತು ಸಲ್ಲುವುದು ವಿರಳ. ಕರಾವಳಿಯ ನಮ್ಮ ಮದುವೆಗಳ ಮುನ್ನಾದಿನ ನಡೆಯುವ ರೋಸ್ ಸಮಾರಂಭವನ್ನೇ ನೋಡಿ. ಹಣ್ಣಿನ ರಸದ ತಟ್ಟೆ ನೇರವಾಗಿ ಹೆಂಗಸರು, ಮಕ್ಕಳು ಕುಳಿತ ಸಾಲಿಗೆ ಹೋಗುತ್ತದೆ. ಅದು ಬೇಕೆನ್ನುವ ಇಪ್ಪತ್ತರ ಯುವಕ ಗಂಡಸರ ಸಾಲಿನಿಂದ ಎದ್ದು, ಎಲ್ಲರ ಕಣ್ಣೆದುರಿನಲ್ಲಿ ಅಲ್ಲಿಗೆ ನಡೆದು ಹೋಗಿ ತರಬೇಕು.